ಡಾಕ್ಟರ ಚೂರು

ಗಣಿತದ ಪುಸ್ತಕಗಳಲ್ಲಿ ನನಗೆ ಇವತ್ತಿಗೂ ನಂಬಿಕೆ ಬಾರದ ಜಾಗವೆಂದರೆ ಆ ಮೂರು ಚುಕ್ಕೆಗಳು. ಅರ್ಧ, ಅದಕ್ಕೆ ಕಾಲು ಕೂಡಿಸಿ, ಅದಕ್ಕೆ ಅರೆಕಾಲು ಕೂಡಿಸಿ, ಆಮೇಲೆ ಮೂರು ಚುಕ್ಕೆ. ‘ಹೀಗೇ ಮುಂದುವರಿಯುತ್ತದೆ’ ಎಂದು ಅದರ ಅರ್ಥ. ಯಾರು ಮುಂದುವರಿಸುತ್ತಾರೆ, ಹೀಗೇ ಮುಂದುವರಿಯುತ್ತದೆ ಎನ್ನುವುದಕ್ಕೆ ಯಾರು ಜಾಮೀನು, ಒಂದನ್ನೂ ಹೇಳುವುದಿಲ್ಲ. ನಾನು ಹುಟ್ಟಿದ್ದು ತಾಳಗುಪ್ಪದ ಹತ್ತಿರ. ಅಲ್ಲಿ ರೈಲಿನ ಹಳಿಯೇ ಮುಗಿದುಹೋಗುತ್ತದೆ. ಬಂದ ಗಾಡಿ ಮುಂದೆ ಹೋಗುವ ಮಾತೇ ಇಲ್ಲ. ಅಂಥ ಕಡೆ ಬೆಳೆದವಳಿಗೆ ಮುಗಿಯದ ಸಂಗತಿಗಳ ಮೇಲೆ ಅನುಮಾನ ಬರುವುದು ಸಹಜ ಎಂದು ನಾನು ವಾದಿಸುತ್ತೇನೆ. ನನ್ನ ಗಂಡ ಒಪ್ಪುವುದಿಲ್ಲ. ಅವರ ಪ್ರಕಾರ ನಾನು ಹುಟ್ಟಿದ ಕೂಡಲೇ ಅಳುವುದು ಬಿಟ್ಟು ಸೂಲಗಿತ್ತಿಯ ಮುಖವನ್ನು ಸಂಶಯದಿಂದ ನೋಡಿದವಳು.

ಸಾಗರದ ಕಾಲೇಜೊಂದರಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಸಂತೆಯಲ್ಲಿ ತಕ್ಕಡಿಯ ತಳ ಬಗ್ಗಿ ನೋಡುತ್ತೇನೆ. ವಿದ್ಯಾರ್ಥಿಯ ಉತ್ತರ ಸರಿ ಇದ್ದರೆ ಪಕ್ಕದವನ ಉತ್ತರ ತೆಗೆದು ಹೋಲಿಸುತ್ತೇನೆ. ಇದನ್ನೆಲ್ಲ ದುರ್ಗುಣ ಎಂದು ನಾನು ಅಂದುಕೊಂಡಿಲ್ಲ. ನಂಬಿ ಕೆಟ್ಟವರಿಲ್ಲ ಎನ್ನುವವರು ಅನಂತ ಶ್ರೇಣಿಯ ಪಾಠ ಮಾಡಿದವರಲ್ಲ.

ನನ್ನ ಗಂಡ ದನದ ಡಾಕ್ಟರು. ತೀರ್ಥಹಳ್ಳಿಯವರು. ಕೆಲಸದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳನ್ನು ಬೈಕಿನಲ್ಲಿ ಸುತ್ತಿದವರು. ಈ ಸೀಮೆಯಲ್ಲಿ ದನದ ಡಾಕ್ಟರು ಅಂಗಳಕ್ಕೆ ಕಾಲಿಟ್ಟರೆ ಮೊದಲು ನೀರು, ಆಮೇಲೆ ಕವಳದ ತಟ್ಟೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಕವಳ ಹಾಕಿದ ಮೇಲೇ ಹಸುವಿನ ಸುದ್ದಿ. ಬೇಡ ಎಂದರೆ ಮನೆಯವರ ಮುಖ ಬಾಡುತ್ತದೆ. ಹೀಗೆ ಅವರು ಹಾಕಿದ ಕವಳಕ್ಕೆ ಲೆಕ್ಕವಿರಲಿಲ್ಲ, ನಾನೂ ಲೆಕ್ಕ ಇಡಲಿಲ್ಲ. ಅಡಿಕೆಯಿಂದಲೇ ಅನ್ನ ಕಂಡ ಊರಿನಲ್ಲಿ ಅಡಿಕೆ ಜಗಿಯುವವನನ್ನು ಅನುಮಾನಿಸಲು ನನ್ನಂಥವಳಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಊಟಕ್ಕೆ ಕೂತಾಗ. ಮಿಡಿ ಉಪ್ಪಿನಕಾಯಿ ಇಲ್ಲದೆ ಮಜ್ಜಿಗೆ ಅನ್ನ ಮುಟ್ಟದ ಮನುಷ್ಯ ಒಂದು ದಿನ ಮಿಡಿಯನ್ನು ಎಲೆಯ ತುದಿಗೆ ಸರಿಸಿದರು. ಹಪ್ಪಳವನ್ನು ಪುಡಿ ಮಾಡಿಕೊಂಡು ತಿಂದರು. ಕೇಳಿದರೆ ‘ಹಲ್ಲು ನೋವು’ ಎಂದರು. ಹಲ್ಲು ನೋವಿನವರು ಒಂದು ಕಡೆ ಜಗಿಯುತ್ತಾರೆ. ಇವರು ಎರಡೂ ಕಡೆ ಜಗಿಯುತ್ತಿದ್ದರು, ಆದರೆ ಬಾಯಿ ಮಾತ್ರ ಪೂರ್ತಿ ತೆರೆಯುತ್ತಿರಲಿಲ್ಲ. ಮರುದಿನವೇ ಹಲ್ಲಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ.

ಡಾಕ್ಟರು ನನ್ನ ವಿದ್ಯಾರ್ಥಿಗಳ ವಯಸ್ಸಿನ ಹುಡುಗಿ. ಬೆರಳುಗಳನ್ನು ಜೋಡಿಸಿ, ಲಂಬವಾಗಿ ಬಾಯೊಳಗೆ ಇಡುವಂತೆ ಹೇಳಿದಳು. ಮೂರು ಬೆರಳು ಹಿಡಿಸಬೇಕಂತೆ. ಇವರದ್ದರಲ್ಲಿ ಎರಡು ಹೋಯಿತು, ಮೂರನೆಯದು ಹೊರಗೇ ಉಳಿಯಿತು. ಕೆನ್ನೆಯ ಒಳಭಾಗ ಬೆಳ್ಳಗಾಗಿ, ಹಗ್ಗದ ಹಾಗೆ ಬಿಗಿಯಾಗಿತ್ತು.

“ಹೊಗೆಸೊಪ್ಪು ಇವತ್ತೇ ಬಿಡಿ ಸಾರ್. ಅಡಿಕೆನೂ ಬಿಡಬೇಕು,” ಎಂದಳು.

“ಹೊಗೆಸೊಪ್ಪು ಸರಿ. ಅಡಿಕೆ ಎಂಥ ಮಾಡ್ತು?”

“ಈ ಬಿಗಿತ ಅಡಿಕೆಯಿಂದ್ಲೇ ಬರೋದು ಸಾರ್. ನಮ್ಮನೇಲೂ ತೋಟ ಇದೆ, ಆದ್ರೂ ಹೇಳ್ತಿದೀನಿ. ಹಿಂಗೇ ತಿಂತಾ ಹೋದ್ರೆ ಬಾಯಿ ಮುಚ್ಕೊಂತಾ ಹೋಗುತ್ತೆ. ಆಮೇಲೆ ಬೇರೆ ಕಾಯಿಲೆಗೂ ತಿರುಗಬಹುದು.”

ಆ ಬೇರೆ ಕಾಯಿಲೆಯ ಹೆಸರನ್ನು ಅವಳು ಹೇಳಲಿಲ್ಲ. ನಮ್ಮ ಕಡೆ ಯಾರೂ ಹೇಳುವುದಿಲ್ಲ.  ಗಂಡ ಮಾತ್ರ ದಾರಿಯುದ್ದಕ್ಕೂ, ದಿನಾ ದನದ ಬಾಯಿ ತೆರೆದು ನೋಡುವ ತನಗೆ ಇವಳೇನು ಹೇಳುವುದು ಎಂದು ಗೊಣಗುತ್ತ ಬಂದರು. ಮನೆಗೆ ಬಂದ ಮೇಲೆ ಜಗಲಿಯ ಮೇಲೆ ಕೂತು ನನ್ನ ಮುಂದೆ ಒಂದು ಒಪ್ಪಂದ ಇಟ್ಟರು.

“ಒಂದೇ ಸಲ ಬಿಟ್ರೆ ತಲೆ ಕೆಟ್ಟೋಗ್ತು ಮಾರಾಯ್ತಿ. ಹೊಗೆಸೊಪ್ಪು ಬಿಟ್ಟೆ, ಆತಾ? ಕವಳ ದಿನಾ ಅರ್ಧ ಮಾಡ್ತೀನಿ. ಇನ್ನು ದಿನಕ್ಕೆ ಒಂದೇ, ಅದೂ ನಾಳೆ ಅರ್ಧ, ನಾಡಿದ್ದು ಅದರರ್ಧ. ನೀನೇ ಹೇಳಿದ್ದಲ್ವಾ, ಹಂಗೆ ಎಷ್ಟು ಕೂಡಿಸಿದ್ರೂ ಒಂದು ದಾಟಲ್ಲ ಅಂತ?”

ನಾನೇ ಹೇಳಿದ್ದೆ. ಹಿಂದೊಮ್ಮೆ ದೋಸೆ ತಿನ್ನುವಾಗ. ಅರ್ಧ ದೋಸೆ ತಿನ್ನಿ, ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ. ತುಂಡುಗಳಿಗೆ ಕೊನೆಯಿಲ್ಲ, ಆದರೆ ನೀವು ತಿಂದದ್ದು ಒಂದು ದೋಸೆಯ ಗಡಿ ದಾಟುವುದಿಲ್ಲ. ಆವತ್ತು ಅವರು ಕಿವಿ ಕೊಟ್ಟು ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು.

“ಅಂದ್ರೆ ಇನ್ನು ಸಾಯೋತಂಕ ನಾನು ತಿನ್ನೋದು ಎಲ್ಲಾ ಕೂಡಿ ಒಂದೇ ಒಂದು ಕವಳ. ಅದಕ್ಕೂ ಬ್ಯಾಡ ಅಂತೀಯಾ?” ಎಂದರು.

ಹೆಂಡತಿಯ ಕೋಲಿನಿಂದಲೇ ಹೆಂಡತಿಗೆ ಹೊಡೆದ ಸಂತೋಷ ಅವರ ಮುಖದಲ್ಲಿತ್ತು. ಗಣಿತದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಒಪ್ಪಿದೆ.

ಒಪ್ಪಿದೆ ಎಂದರೆ ನಂಬಿದೆ ಎಂದಲ್ಲ. ರಾತ್ರಿ ಊಟವಾದ ಮೇಲೆ ಅವರು ಅಂಗೈ ಮೇಲೆ ಅಡಿಕೆ ಇಟ್ಟು ತೋರಿಸಬೇಕು, ನಾನು ಕನ್ನಡಕ ಹಾಕಿಕೊಂಡು ನೋಡಬೇಕು. ನಿಜವಾಗಿಯೂ ಅರ್ಧವಾಗುತ್ತಿತ್ತು. ಅಡಕತ್ತರಿಯಲ್ಲಿ ಅಷ್ಟು ನಾಜೂಕಾಗಿ ಕತ್ತರಿಸುವುದನ್ನು ನಾನು ಅವರಲ್ಲಿ ಮೊದಲು ಕಂಡಿರಲಿಲ್ಲ. ಅಂಗಿಯ ಜೇಬು ಮೂಸಿದೆ, ಬೈಕಿನ ಪೆಟ್ಟಿಗೆ ತೆರೆದೆ, ಔಷಧದ ಚೀಲ ಬಗೆದೆ. ಏನೂ ಸಿಗಲಿಲ್ಲ. ಕೊನೆಗೆ ಅಂಗೈ ಮೇಲಿನ ಅಡಿಕೆ ಪುಡಿಯಾಗಿ, ಪುಡಿ ಧೂಳಾಗಿ, ಅವರೇ ಡಬ್ಬಿಯನ್ನು ಅಟ್ಟದ ಮೇಲಿಟ್ಟರು. ನೆಂಟರಿಗೆಲ್ಲ ಸುದ್ದಿ ಹಬ್ಬಿತು. ಗಣಿತದಿಂದ ಗಂಡನ ಚಟ ಬಿಡಿಸಿದವಳು ಎಂದು ನನ್ನನ್ನು ಹೊಗಳಿದರು. ಹೊಗಳಿಕೆಯನ್ನೂ ನಾನು ಅಷ್ಟಾಗಿ ನಂಬುವವಳಲ್ಲ.

ಯಾಕೆಂದರೆ ಮಿಡಿ ಇನ್ನೂ ಎಲೆಯ ತುದಿಯಲ್ಲೇ ಇತ್ತು. ‘ಸಾರಿಗೆ ಖಾರ ಜಾಸ್ತಿ’ ಎಂದರು, ಮೆಣಸು ಕಡಿಮೆ ಮಾಡಿದೆ. ಮತ್ತೂ ಖಾರ ಎಂದರು. ಮೆಣಸೇ ಹಾಕದ ಸಾರಿಗೂ ಅವರ ಕಣ್ಣಲ್ಲಿ ನೀರು ಬಂದ ದಿನ ನಾನು ಅವರ ಬೆನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದೆ. ಬಿಟ್ಟಿದ್ದರೆ ಉರಿ ಯಾಕೆ ಇಳಿಯುತ್ತಿಲ್ಲ? ತಿನ್ನುತ್ತಿದ್ದರೆ ಎಲ್ಲಿ? ಇವರ ಮುಖದಲ್ಲಿ ಕಳ್ಳತನದ ಗೆರೆಯೇ ಇಲ್ಲ. ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಮನುಷ್ಯ, ಕಿವಿಯೂ ಬಣ್ಣ ಬದಲಿಸಲಿಲ್ಲ. ನನಗೆ ಅದೇ ಹೆಚ್ಚು ಭಯ ತಂದಿತು.

ಅದೇ ದಿನಗಳಲ್ಲಿ ಕ್ಲಾಸಿನಲ್ಲಿ ಹರಾತ್ಮಕ ಶ್ರೇಣಿಯ ಪಾಠ ಬಂತು. ಒಂದು, ಅರ್ಧ, ಮೂರನೇ ಒಂದು, ನಾಲ್ಕನೇ ಒಂದು, ಐದನೇ ಒಂದು, ಹೀಗೆ. ಪದಗಳು ಸಣ್ಣದಾಗುತ್ತ ಸೊನ್ನೆಯ ಕಡೆಗೆ ಹೋಗುತ್ತವೆ. ಮೊತ್ತ ಎಲ್ಲಾದರೂ ನಿಲ್ಲುತ್ತದೆಯೇ ಎಂದು ನಾನು ಪ್ರತಿ ವರ್ಷ ಕೇಳುತ್ತೇನೆ. ಪ್ರತಿ ವರ್ಷ ಇಡೀ ಕ್ಲಾಸು ನಿಲ್ಲುತ್ತದೆ ಎನ್ನುತ್ತದೆ. ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಹನಿ ಹನಿಗೂಡಿದರೆ ಹಳ್ಳ ಅಲ್ವಾ ಮೇಡಂ?” ಎಂದಳು. ಅದಕ್ಕೆ ನಾನು, ಹನಿ ದಿನದಿನಕ್ಕೆ ಸಣ್ಣದಾಗುತ್ತ ಹೋದರೂ ಹಳ್ಳ ಆಗುತ್ತದೆಯೋ ಎಂದು ಗಾದೆ ಮಾಡಿದವರು ಹೇಳಿಲ್ಲ, ಅದನ್ನು ನಾವೇ ನೋಡಬೇಕು ಎಂದು ಬೋರ್ಡಿನ ಮೇಲೆ ಆವರಣ ಹಾಕುತ್ತ ಹೋದೆ. ಮೂರನೇ ಒಂದು, ನಾಲ್ಕನೇ ಒಂದು ಎರಡನ್ನೂ ಒಂದು ಆವರಣಕ್ಕೆ ಹಾಕಿದರೆ ಅರ್ಧಕ್ಕಿಂತ ಹೆಚ್ಚು. ಮುಂದಿನ ನಾಲ್ಕು ಪದ ಸೇರಿಸಿದರೆ ಮತ್ತೆ ಅರ್ಧಕ್ಕಿಂತ ಹೆಚ್ಚು. ಅದರ ಮುಂದಿನ ಎಂಟು, ಮತ್ತೆ ಹಾಗೇ. ತುಂಡು ಸಣ್ಣದಾಗುತ್ತದೆ, ಆದರೆ ತುಂಡುಗಳ ಗುಂಪು ದೊಡ್ಡದಾಗುತ್ತದೆ. ಪ್ರತಿ ಗುಂಪೂ ಮತ್ತೊಂದು ಅರ್ಧ ತಂದು ಸುರಿಯುತ್ತದೆ. ಇದಕ್ಕೆ ಗಡಿಯೇ ಇಲ್ಲ. ಹೇಳಿ ಮುಗಿಸಿ ಸೀಮೆಸುಣ್ಣ ಕೆಳಗಿಟ್ಟೆ. ಮನೆಯ ಸಂಗತಿ ನನಗೆ ಆಗ ನೆನಪಾಗಲಿಲ್ಲ.

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾದ ಮೇಲೆ ಒಂದು ಭಾನುವಾರ ತೀರ್ಥಹಳ್ಳಿಯಲ್ಲಿರುವ ಗಂಡನ ಅಕ್ಕನ ಮನೆಗೆ ಊಟಕ್ಕೆ ಹೊರಟೆವು. ಬಸ್ಸಿನಲ್ಲಿ ಹೋಗೋಣ ಎಂದೆ. ದಾರಿಯಲ್ಲಿ ಒಂದೆರಡು ಹಸು ನೋಡುವುದಿದೆ, ಬೈಕಿನಲ್ಲೇ ಹೋಗೋಣ ಎಂದರು. ಸಾಗರ ದಾಟಿ ಹೊಸನಗರದ ದಾರಿ ಹಿಡಿದ ಸ್ವಲ್ಪ ಹೊತ್ತಿಗೇ ಬೈಕು ಒಂದು ಮನೆಯ ಮುಂದೆ ನಿಂತಿತು. ಗಂಡ ಕೊಟ್ಟಿಗೆಗೆ ಹೋದರು. ಮನೆಯ ಅಜ್ಜಿ ನನಗೆ ನೀರು ಕೊಟ್ಟು ಒಂದು ಪುಟ್ಟ ತಟ್ಟೆ ತಂದಿಟ್ಟರು. ಎಲೆ ಇಲ್ಲ, ಸುಣ್ಣ ಇಲ್ಲ. ಬರೀ ಅಡಿಕೆ, ಅದೂ ಜೀರಿಗೆಯಷ್ಟು ಸಣ್ಣಗೆ ಹೆಚ್ಚಿದ್ದು.

“ಇದೆಂಥ ಅಜ್ಜಿ?”

“ಡಾಕ್ಟ್ರ ಚೂರು,” ಎಂದರು ಅಜ್ಜಿ, ನನಗೆ ಗೊತ್ತಿಲ್ಲದ್ದೇ ಆಶ್ಚರ್ಯ ಎಂಬಂತೆ. “ಅವ್ರು ಕವಳ ಬಿಟ್ಟಿದಾರಲ್ಲ, ಪಾಪ. ಮೊದ್ಲು ಕಾಲು ಹೋಳು ಕೊಡ್ತಿದ್ವಿ, ಈಗ ಇಷ್ಟೇ. ಇನ್ನೂ ಸಣ್ಣ ಮಾಡ್ಬೇಕು ಅಂತ ನಾನೇ ದಿನಾ ಅಡಕತ್ತರಿ ಹಿಡ್ಕಂಡು ಕೂತ್ಕಂತೀನಿ. ನೀವೂ ಒಂಚೂರು ಹಾಕ್ಕಳಿ.”

ಕೊಟ್ಟಿಗೆಯಿಂದ ಬಂದ ಗಂಡ ತಟ್ಟೆಯಿಂದ ಒಂದು ಚಿಟಿಕೆ ತೆಗೆದು, ಮಾತಾಡುತ್ತ ಮಾತಾಡುತ್ತ ಬಾಯಿಗೆ ಹಾಕಿಕೊಂಡರು. ನನ್ನ ಎದುರಿಗೇ. ಕಿವಿ ಕೆಂಪಾಗಲಿಲ್ಲ. ನಾನು ನನ್ನ ಚಿಟಿಕೆಯನ್ನು ಬಾಯಿಗೆ ಹಾಕಿದಂತೆ ಮಾಡಿ ಕರವಸ್ತ್ರಕ್ಕೆ ಹಾಕಿಕೊಂಡೆ.

ಬೈಕು ಹತ್ತುವಾಗ ಕೇಳಿದೆ, “ಅದೇನು ತಿಂದಿದ್ದು?”

“ಚೂರು ಮಾರಾಯ್ತಿ. ಎಲೆ ಇಲ್ದೆ ಕವಳ ಹೆಂಗಾಗ್ತು? ಬ್ಯಾಡ ಅಂದ್ರೆ ಅಜ್ಜಿ ಬೇಜಾರು ಮಾಡ್ಕಂತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ.”

 ಜಗಳ ಆಡುವುದು ಸುಲಭ, ನನಗೆ ಮೊದಲು ಪುರಾವೆ ಬೇಕಿತ್ತು. ಮುಂದೆ ಹಾಲಿನ ಡೈರಿಯ ಕಾರ್ಯದರ್ಶಿ ಕೈಬೀಸಿ ನಿಲ್ಲಿಸಿದರು, ಜೇಬಿನ ಡಬ್ಬಿಯಿಂದ ಚೂರು ಕೊಟ್ಟರು. ಹೊಸನಗರದ ಚಹಾದ ಅಂಗಡಿಯವನು ಗ್ಲಾಸಿನ ಪಕ್ಕ ಚೂರು ಇಟ್ಟ. ಅಲ್ಲಿಂದಾಚೆ ಹೆಗಡೆಯವರೊಬ್ಬರ ಮನೆ. ಆ ಮನೆಯ ಹೆಂಗಸು ನಾನು ಹಿಂಜರಿದದ್ದನ್ನು ನೋಡಿ, “ಎಂತ, ಎಂಗಳ ಮನೆ ಚೂರು ಬ್ಯಾಡ್ದಾ?” ಎಂದು ನಕ್ಕರು. ಕವಲೇದುರ್ಗದ ಕಡೆಗೆ ತಿರುಗುವ ದಾರಿಯ ಹತ್ತಿರ ಅಡಿಕೆ ಸುಲಿಯುತ್ತ ಕೂತವರು ಡಾಕ್ಟರನ್ನು ಕೂಗಿ ಕರೆದರು. ನಡುವೆ ಇನ್ನೂ ಏಳೆಂಟು ಕಡೆ ಬೈಕು ನಿಂತಿತು. ಎಲ್ಲರೂ ಹೆಮ್ಮೆಯಿಂದ ಒಂದೇ ಮಾತು ಹೇಳಿದರು: ಡಾಕ್ಟ್ರು ಬಿಡ್ತಿದಾರೆ, ನಾವೂ ಸಣ್ಣ ಮಾಡ್ತಾ ಬರ್ತಿದೀವಿ. ಇಡೀ ಸೀಮೆ ಸೇರಿ ನನ್ನ ಗಂಡನ ಚಟ ಬಿಡಿಸುತ್ತಿತ್ತು. ಯಾರಲ್ಲೂ ಕಪಟವಿಲ್ಲ. ಹಿಂದೆ ದಿನಕ್ಕೆ ಒಂದೆರಡು ಮನೆಯಲ್ಲಾದರೂ ‘ಈಗಷ್ಟೇ ಹಾಕಿದೆ’ ಎಂದು ಕವಳ ಬೇಡವೆನ್ನುತ್ತಿದ್ದ ಮನುಷ್ಯ ಈಗ ಒಂದು ಮನೆಯಲ್ಲೂ ಬೇಡ ಎನ್ನುತ್ತಿರಲಿಲ್ಲ. ಚೂರು ತಾನೇ!

ಎಲ್ಲ ಕಡೆಯೂ ಅವರು ತೆಗೆದುಕೊಂಡಷ್ಟನ್ನೇ ನಾನೂ ತೆಗೆದುಕೊಂಡೆ, ಕರವಸ್ತ್ರದಲ್ಲಿ ಗಂಟು ಕಟ್ಟಿದೆ. ಗಂಟು ದಪ್ಪವಾಗುತ್ತ ಹೋದ ಹಾಗೆ ಬೋರ್ಡಿನ ಮೇಲೆ ಹಾಕಿದ್ದ ಆವರಣಗಳು ಕಣ್ಣ ಮುಂದೆ ಬಂದವು. ಅಂಗೈ ಮೇಲಿನ ತುಂಡು ಸಣ್ಣದಾಗುತ್ತಿದೆಯೇ ಎಂದು ಮಾತ್ರ ನಾನು ನೋಡಿದ್ದೆ, ತುಂಡುಗಳು ಎಷ್ಟಾಗುತ್ತಿವೆ ಎಂದು ಎಣಿಸಿರಲಿಲ್ಲ. ಪರೀಕ್ಷೆಯಲ್ಲಿ ಯಾರಾದರೂ ಅಷ್ಟನ್ನೇ ಬರೆದರೆ ಸೊನ್ನೆ ಕೊಡುತ್ತೇನೆ. ಬೈಕಿನ ಹಿಂದೆ ಕೂತು ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು.

ತೀರ್ಥಹಳ್ಳಿಯಲ್ಲಿ ತುಂಗೆಯ ದಂಡೆಗೆ ಬಂದಾಗ ಬೈಕು ನಿಲ್ಲಿಸಲು ಹೇಳಿದೆ. ಕಲ್ಲಿನ ಮೇಲೆ ಕೂತು ಕರವಸ್ತ್ರ ಬಿಚ್ಚಿದೆ.

“ಇದೆಂಥದು?” ಎಂದರು.

“ನೀವು ಬೆಳಿಗ್ಗೆಯಿಂದ ತಿಂದಿದ್ದು. ನೀವು ತಗೊಂಡಷ್ಟೇ ನಾನೂ ತಗೊಂಡೆ. ಒಂದು ಕಾಳೂ ಹೆಚ್ಚಿಲ್ಲ.”

ಅವರು ನಗಲು ಹೊರಟು ನಿಲ್ಲಿಸಿದರು. ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಚೂರುಗಳನ್ನು ಬೆರಳಿನಿಂದ ಒಟ್ಟುಗೂಡಿಸಿದರು. ರಾಶಿ ಅಂಗೈ ತುಂಬುವಷ್ಟಿತ್ತು. ಅದರಲ್ಲಿ ಎಷ್ಟು ಅಡಿಕೆ ಇದೆಯೆಂದು ಅವರ ಕೈಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

“ಇಷ್ಟಾ?”

“ಇದು ಬರೋ ದಾರೀದು ಮಾತ್ರ. ಸಂಜೆ ವಾಪಸ್ ಹೋಗೋದಿದೆ.”

ಅವರು ರಾಶಿಯನ್ನು ಅಂಗೈಗೆ ಸುರಿದುಕೊಂಡು ತೂಗಿ ನೋಡಿದರು. ಆಮೇಲೆ ಮೆಲ್ಲಗೆ, “ನಾನು ಮುಂಚೆ ಇಷ್ಟು ತಿಂತಿರ್ಲಿಲ್ಲ,” ಎಂದರು. ಅವರು ನನಗೆ ಸುಳ್ಳು ಹೇಳಿರಲಿಲ್ಲ. ಅವರೂ ಚೂರನ್ನು ನಂಬಿದ್ದರು, ಅಷ್ಟೇ. ಅಕ್ಕ ಮಾಡಿದ್ದ ಕಡುಬನ್ನು ಆ ಮಧ್ಯಾಹ್ನ ಅವರು ಬಟಾಣಿಯಷ್ಟು ಮುರಿದು ಬಾಯಿಗಿಡುತ್ತಿದ್ದಾಗ ಅಕ್ಕ ಕೇಳಿದರು, ಯಾಕೋ ತಮ್ಮ ರುಚಿ ಇಲ್ವನೋ ಎಂದು. 

ಮರುದಿನ ಅವರೇ ಹಲ್ಲಿನ ಡಾಕ್ಟರ ಬಳಿಗೆ ಹೊರಟು ನಿಂತರು. ಈ ಸಲ ಎರಡನೆಯ ಬೆರಳೂ ಕಷ್ಟಪಟ್ಟು ಹೋಯಿತು. ಡಾಕ್ಟರು ಕೆನ್ನೆಯ ಒಳಗಿಂದ ಒಂದಿಷ್ಟು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬರುವವರೆಗೆ ನಾವಿಬ್ಬರೂ ಮನೆಯಲ್ಲಿ ಬರೀ ಹಾಲು, ನೀರು, ದನಗಳ ಸುದ್ದಿ ಮಾತಾಡಿದೆವು. ಆ ಕಾಯಿಲೆ ಅಲ್ಲ ಎಂದು ಬಂತು. ನನಗೆ ಕೂತಲ್ಲೇ ಕಣ್ಣೀರು ಇಳಿಯಿತು. ಕಣ್ಣೊರೆಸಿಕೊಂಡು, “ಇನ್ನು ಮುಂದೆ?” ಎಂದು ಕೇಳಿದೆ.

“ಮುಂದಿಂದು ಈಗ್ಲೇ ಹೇಳಕ್ಕಾಗಲ್ಲ ಮೇಡಂ,” ಎಂದಳು. “ಈಗ ಆಗಿರೋ ಬಿಗಿತ ಪೂರ್ತಿ ಹೋಗಲ್ಲ. ನಿಲ್ಲಿಸಿದ್ರೆ ಅಲ್ಲಿಗೇ ನಿಲ್ಲಬಹುದು. ಒಂದು ಚೂರೂ ಬೇಡ.”

ಅವತ್ತಿನಿಂದ ಚೂರೂ ಇಲ್ಲ ಎಂದು ಅವರು ಹೇಳುತ್ತಾರೆ. ಮನೆಮನೆಯಲ್ಲೂ ಕೈಮುಗಿದು ಬೇಡ ಎನ್ನುತ್ತಾರಂತೆ. ಹೇಳುತ್ತಾರೆ, ಎನ್ನುತ್ತಾರಂತೆ, ನಾನು ಕಂಡದ್ದಲ್ಲ. ಹಾಗಾಗಿ ಸಂಜೆ ಹೊತ್ತು ನಾನು ಫೋನ್ ಹಿಡಿದು ಕೂರುತ್ತೇನೆ. ಅವರು ಹೋದ ಊರು ಯಾವುದು, ಯಾರ ಹಸು ಎಂದು ಊಟದ ಡಬ್ಬಿ ತೊಳೆಯುತ್ತ ಮೆಲ್ಲಗೆ ಕೇಳಿಕೊಂಡು, ಆಮೇಲೆ ಆ ಮನೆಗೆ ಫೋನ್ ಮಾಡುತ್ತೇನೆ. ಹಸು ಹೇಗಿದೆ? ಕರು ಹಾಲು ಕುಡಿಯಿತೇ? ಡಾಕ್ಟರು ಅಡಿಕೆ ಮುಟ್ಟಿದರೇ? ಇಲ್ಲ ಎನ್ನುತ್ತಾರೆ. ಅವರೆಲ್ಲ ಡಾಕ್ಟರ ಕಡೆಯವರು, ಇನ್ನೇನು ಹೇಳಿಯಾರು? ಅದಕ್ಕೆ ಪಕ್ಕದ ಮನೆಗೂ ಮಾಡುತ್ತೇನೆ. ಮೊನ್ನೆ ಮೊದಲ ಮನೆಯ ಆ ಅಜ್ಜಿಗೆ ಸಿಟ್ಟೇ ಬಂತು. “ನಿಮ್ಗೆ ಗಂಡನ ಮೇಲೆ ಒಂದಿಷ್ಟೂ ನಂಬ್ಕೆ ಇಲ್ವಾ ತಾಯಿ?” ಎಂದು ಫೋನ್ ಇಟ್ಟುಬಿಟ್ಟರು.

ತಿರುಗಿ ನೋಡಿದರೆ ಗಂಡ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕಳ್ಳನ ಹಾಗೆ ಸಿಕ್ಕಿಬಿದ್ದವಳು ನಾನು. ಇನ್ನು ಕೂಗಾಡುತ್ತಾರೆ, ಊರಲ್ಲಿ ಮಾನ ತೆಗೆಯುತ್ತಿದ್ದೀಯಾ ಎನ್ನುತ್ತಾರೆ ಎಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡೆ. ಅವರು ಬಂದು ಪಕ್ಕದಲ್ಲಿ ಕೂತರು.

“ಇವತ್ತು ಹೊಸನಗರದ ಹತ್ರ ಒಂದು ಮನೇಲಿ ತಟ್ಟೆ ಹಿಡಿದ್ರು. ಅವರಿಗೆ ವಿಷ್ಯ ಗೊತ್ತಿರ್ಲಿಲ್ಲ. ಸುತ್ತ ಯಾರೂ ಇರ್ಲಿಲ್ಲ. ಕೈ ಹೋಗಿಬಿಟ್ಟಿತ್ತು,” ಎಂದರು.

ನಾನು ಫೋನ್ ಕೆಳಗಿಟ್ಟೆ.

“ಸಂಜೆ ನೀನು ಫೋನ್ ಮಾಡ್ತೀಯಲ್ಲ ಅಂತ ನೆನಪಾತು. ಕೈ ಹಿಂದೆ ತಗಂಡೆ.”

“ಮೊದ್ಲಿಂದ ಗೊತ್ತಿತ್ತಾ, ನಾನು ಫೋನ್ ಮಾಡೋದು?”

“ಮೂರು ತಾಲ್ಲೂಕಿಗೂ ಗೊತ್ತಿದೆ ಮಾರಾಯ್ತಿ.” ನಗಲು ಹೋದರು, ಬಾಯಿ ಅರ್ಧಕ್ಕೇ ನಿಂತಿತು. ಆಮೇಲೆ ನನ್ನ ಕೈ ಹಿಡಿದುಕೊಂಡರು. “ನನ್ನ ನಂಬಬ್ಯಾಡ. ಯಾರ್ ಏನೇ ಹೇಳ್ಲಿ, ನೀನು ನಂಬಬ್ಯಾಡ. ನೀನು ನಂಬಿದ ದಿನ ನಾನು ಚೂರು ಬಾಯಿಗೆ ಹಾಕಿರ್ತೀನಿ.”

ಹುಟ್ಟಿದಾಗಿನಿಂದ ಈ ಗುಣಕ್ಕಾಗಿ ಬೈಸಿಕೊಂಡವಳು ನಾನು. ಅದನ್ನು ಬಿಡಬೇಡ ಎಂದು ಯಾರೂ ನನ್ನನ್ನು ಬೇಡಿಕೊಂಡಿರಲಿಲ್ಲ.  ಒಂದು ಕೈಯನ್ನು ಅವರ ಕೈಯಲ್ಲೇ ಬಿಟ್ಟು, ಅವರನ್ನೇ ನಂಬರು ಕೇಳಿ, ಇನ್ನೊಂದರಲ್ಲಿ ತಟ್ಟೆ ಹಿಡಿದ ಹೊಸನಗರದ ಆ ಮನೆಗೆ ಫೋನ್ ಮಾಡಿದೆ.